ಪೆಟರ್ಸನ್‌ಗೆ ಸಂಗೀತ ಕಲಿಸಿದ್ದು ಬರೀ ಕಷ್ಟವಾ?

ನಿಮ್ಮ ಪತ್ರ ಓದಿದೆ. ಸ್ವೀಡನ್ನಿನ ಸಂಯೋಜಕ ಅಲನ್ ಪೆಟರ್ಸನ್ ಅವರ ಏಳನೇ ಸಿಂಫನಿ (ಇಡೀ ಆರ್ಕೆಸ್ಟ್ರಾ ನುಡಿಸುವ ದೊಡ್ಡ ಕೃತಿ) ಕೇಳಿದ ರಾತ್ರಿ ನಿದ್ದೆ ಬರಲಿಲ್ಲ ಎಂದಿದ್ದೀರಿ. ಆಮೇಲೆ ಅವರ ಬದುಕಿನ ಬಗ್ಗೆ ಹುಡುಕಿ ಓದಿದ್ದೀರಿ: ಬಡತನ, ಕುಡುಕ ಅಪ್ಪ, ಕೈಕಾಲು ಕಟ್ಟಿಹಾಕಿದ ಕಾಯಿಲೆ. ಕೊನೆಗೆ ನಿಮ್ಮ ಪ್ರಶ್ನೆ. ಇಂಥ ಸಂಗೀತ ನೋವಿನಿಂದ ತಾನಾಗಿಯೇ ಬರುತ್ತದೆ ಅಂದ ಮೇಲೆ, ಮಗಳನ್ನು ವರ್ಷಗಟ್ಟಲೆ ವಯೊಲಿನ್ ಪಾಠಕ್ಕೆ ಕಳಿಸಿ ಏನು ಪ್ರಯೋಜನ ಅಂತ ಕೇಳಿದ್ದೀರಿ.

ನಾನು ಇದನ್ನು ಒಪ್ಪುವುದಿಲ್ಲ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಪೆಟರ್ಸನ್ ಬಗ್ಗೆ ಬರೆಯುವವರು ಜಾಸ್ತಿ ಹೇಳುವುದು ಈ ನೋವಿನ ಕಥೆಯನ್ನೇ. ಅದರ ಭರದಲ್ಲಿ ಅವರು ಕೂತು ಕಲಿತ ಇಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಷ್ಟ ಇದ್ದದ್ದು ನಿಜ. ಅವರು ಹುಟ್ಟಿದ್ದು 1911ರಲ್ಲಿ, ಬೆಳೆದದ್ದು ಸ್ಟಾಕ್‌ಹೋಮ್‌ನ ಸೋಡರ್‌ಮಾಲ್ಮ್‌ನಲ್ಲಿ. ಈಗ ಅಲ್ಲಿ ಮನೆ ಕೊಳ್ಳುವುದು ದುಡ್ಡಿದ್ದವರಿಗೇ ಕಷ್ಟ, ಆಗ ಅದು ಕೂಲಿಕಾರರ ಬಡಾವಣೆ. ಅಪ್ಪ ಕಮ್ಮಾರ, ವಿಪರೀತ ಕುಡಿತ. ಅಮ್ಮ ದೈವಭಕ್ತೆ. ಹುಡುಗ ಕ್ರಿಸ್‌ಮಸ್ ಕಾರ್ಡು ಮಾರಿ ಕೂಡಿಸಿದ ದುಡ್ಡಿನಲ್ಲಿ ವಯೊಲಿನ್ ಕೊಂಡ. ಈ ಕಥೆ ಎಲ್ಲರೂ ಹೇಳುತ್ತಾರೆ, ಆದರೆ ವಯೊಲಿನ್ ಕೊಂಡ ಮೇಲೆ ಏನು ಮಾಡಿದ ಅನ್ನುವುದನ್ನೂ ಹೇಳಬೇಕು ಅಲ್ವಾ?

1930ರಲ್ಲಿ ಆ ಹುಡುಗ ಸ್ಟಾಕ್‌ಹೋಮ್‌ನ ಸಂಗೀತ ವಿದ್ಯಾಲಯ ಸೇರಿದ. ಆ ದಶಕವೆಲ್ಲ ಅಲ್ಲೇ ಕಳೆಯಿತು. ವಯೊಲಿನ್, ಆಮೇಲೆ ವಯೊಲಿನ್ನಿಗಿಂತ ಸ್ವಲ್ಪ ದೊಡ್ಡದಾದ, ದಪ್ಪ ದನಿಯ ವಿಯೋಲಾ, ಜೊತೆಗೆ ಸ್ವರಗಳನ್ನು ಒಟ್ಟಿಗೆ ಜೋಡಿಸುವ ಹಾರ್ಮನಿ ಮತ್ತು ಕೌಂಟರ್‌ಪಾಯಿಂಟ್. ಕೌಂಟರ್‌ಪಾಯಿಂಟ್ ಅಂದರೆ ಹಲವು ರಾಗದ ಎಳೆಗಳನ್ನು ಒಟ್ಟಿಗೇ ಹೆಣೆಯುವ ವಿದ್ಯೆ. ಲೆಕ್ಕದ ಹಾಗೆ ದಿನಾ ಬರೆದು, ತಿದ್ದಿಸಿಕೊಂಡು, ಮತ್ತೆ ಬರೆದು ಕಲಿಯಬೇಕು. ಮುಂದೆ ಗಾಯಕಿ ಜೆನ್ನಿ ಲಿಂಡ್ ಹೆಸರಿನ ವಿದ್ಯಾರ್ಥಿವೇತನ ಸಿಕ್ಕಿತು. 1939ರಲ್ಲಿ ಪ್ಯಾರಿಸ್‌ಗೆ ಹೋಗಿ ಮೋರಿಸ್ ವ್ಯೂ ಅವರ ಬಳಿ ವಿಯೋಲಾ ಕಲಿತರು. ಅಷ್ಟರಲ್ಲಿ ಯುದ್ಧ ಬಂತು, ಸ್ಟಾಕ್‌ಹೋಮ್‌ಗೆ ವಾಪಸ್ಸು ಬರಬೇಕಾಯಿತು.

ನನಗೆ ತುಂಬಾ ಮುಖ್ಯ ಅನ್ನಿಸುವುದು ಮುಂದಿನ ಹತ್ತು ವರ್ಷ. ಹೆಚ್ಚುಕಡಿಮೆ 1940ರ ದಶಕ ಪೂರ್ತಿ ಅವರು ಸ್ಟಾಕ್‌ಹೋಮ್‌ನ ದೊಡ್ಡ ಆರ್ಕೆಸ್ಟ್ರಾದಲ್ಲಿ ವಿಯೋಲಾ ನುಡಿಸಿದರು. ವಿಯೋಲಾ ನುಡಿಸುವವರಿಗೆ ಮುಖ್ಯ ರಾಗ ಸಿಗುವುದು ಅಪರೂಪ. ಅದು ಮೇಲೆ ವಯೊಲಿನ್‌ಗಳಿಗೆ ಹೋಗುತ್ತದೆ, ಕೆಳಗೆ ಇನ್ನೂ ದಪ್ಪ ದನಿಯ ಚೆಲ್ಲೊಗಳಿಗೆ ಹೋಗುತ್ತದೆ. ಆದರೆ ನಡುಮನೆಯಲ್ಲಿ ಕೂತವರಿಗೆ ಅಡುಗೆಮನೆ, ಜಗಲಿ ಎರಡೂ ಕಡೆಯ ಮಾತು ಕೇಳಿಸುವ ಹಾಗೆ, ಅಲ್ಲಿ ಕೂತವರಿಗೆ ಇಡೀ ಸಂಗೀತ ಒಳಗಿನಿಂದ ಕೇಳಿಸುತ್ತದೆ. ಯಾವ ವಾದ್ಯ ಯಾವಾಗ ಉಸಿರು ತೆಗೆದುಕೊಳ್ಳುತ್ತದೆ, ಹಿತ್ತಾಳೆ ವಾದ್ಯಗಳು ಎದ್ದಾಗ ತಂತಿವಾದ್ಯಗಳು ಎಲ್ಲಿ ಮುಳುಗಿಹೋಗುತ್ತವೆ ಅನ್ನುವುದನ್ನು ಅಲ್ಲಿ ಕೂತು ಕಲಿಯುವಷ್ಟು ಚೆನ್ನಾಗಿ ಪುಸ್ತಕದಿಂದ ಕಲಿಯಲಾಗುವುದಿಲ್ಲ. ನೀವು ಕೇಳಿದ ಏಳನೇ ಸಿಂಫನಿಯಲ್ಲಿ ಅಷ್ಟೆಲ್ಲ ಗದ್ದಲ ಆದ ಮೇಲೆ ತಂತಿವಾದ್ಯಗಳು ಒಂದು ದೀರ್ಘ, ಶಾಂತವಾದ ಹಾಡನ್ನು ಹಿಡಿಯುತ್ತವಲ್ಲ, ಆ ಜಾಗವನ್ನು ಮತ್ತೊಮ್ಮೆ ಕೇಳಿ. ಆರ್ಕೆಸ್ಟ್ರಾ ಒಳಗೆ ಕೂತು ಪಳಗಿದ ಕೈ ಅದು.

ಅದೇ ದಶಕದಲ್ಲಿ, 1943ರಿಂದ 45ರವರೆಗೆ, ತಾವೇ ಸಾಹಿತ್ಯ ಬರೆದು 24 ‘ಬರಿಗಾಲಿನ ಹಾಡುಗಳು’ ಮಾಡಿದರು. ಸರಳವಾದ, ಜನಪದದ ಧಾಟಿಯ ಹಾಡುಗಳು. ಅಷ್ಟಕ್ಕೇ ಅವರಿಗೆ ತೃಪ್ತಿಯಾಗಲಿಲ್ಲ. ಕೆಲಸ ಮಾಡುತ್ತಲೇ ಸಂಯೋಜಕ ಕಾರ್ಲ್-ಬಿರ್ಗೆರ್ ಬ್ಲೂಮ್ಡಾಲ್ ಬಳಿ ಸಂಯೋಜನೆ, ಒಟ್ಟೊ ಓಲ್ಸನ್ ಬಳಿ ಮತ್ತೆ ಕೌಂಟರ್‌ಪಾಯಿಂಟ್ ಕಲಿತರು. ಈ ಗುರು ಬ್ಲೂಮ್ಡಾಲ್ ಶಿಷ್ಯ ಪೆಟರ್ಸನ್ ಅವರಿಗಿಂತ ಐದು ವರ್ಷ ಚಿಕ್ಕವರು! ಆಮೇಲೆ ಆರ್ಕೆಸ್ಟ್ರಾದ ಕೆಲಸವನ್ನೇ ಬಿಟ್ಟರು. 1951ರಲ್ಲಿ, 40ನೇ ವಯಸ್ಸಿನಲ್ಲಿ, ಮತ್ತೆ ವಿದ್ಯಾರ್ಥಿಯಾಗಿ ಪ್ಯಾರಿಸ್‌ಗೆ ಹೊರಟರು. ಅಲ್ಲಿ ಹೆಸರಾಂತ ಸಂಯೋಜಕರಾದ ಒನೆಗರ್, ಮೆಸಿಯಾನ್, ಮಿಯೊ ಅವರ ಪಾಠ ಕೇಳಿದರು. ಶೋನ್‌ಬರ್ಗ್ ಅವರ ಹನ್ನೆರಡು ಸ್ವರಗಳ ಪದ್ಧತಿಯನ್ನು (ಯಾವ ಸ್ವರಕ್ಕೂ ಮೇಲುಗೈ ಕೊಡದೆ ಹನ್ನೆರಡನ್ನೂ ಒಂದು ಗೊತ್ತಾದ ಸಾಲಿನಲ್ಲಿ ಬಳಸುವ ಕ್ರಮ) ರೆನೆ ಲೈಬೊವಿಟ್ಸ್ ಬಳಿ ಕಲಿತರು. ತಮ್ಮ ಸಿಂಫನಿಗಳನ್ನು ಆ ಪದ್ಧತಿಗೆ ಒಪ್ಪಿಸಲಿಲ್ಲ ಅನ್ನುವುದು ಬೇರೆ ಮಾತು. ಬೇಡ ಅನ್ನುವುದಕ್ಕೆ ಮುಂಚೆ ಅದನ್ನು ಸರಿಯಾಗಿ ಕಲಿತರು. ಈ ಗುಣಕ್ಕೆ ನಾನು ತಲೆಬಾಗುತ್ತೇನೆ.

ಕಾಯಿಲೆ ಬಂದದ್ದು ಇದೆಲ್ಲ ಆದ ಮೇಲೆ. ಪ್ಯಾರಿಸ್‌ನಿಂದ ಬಂದ ಸ್ವಲ್ಪ ಕಾಲಕ್ಕೇ ಸಂಧಿವಾತ ಎಂದು ಗೊತ್ತಾಯಿತು. ಕೀಲುಗಳು ಸೆಟೆದುಕೊಂಡವು, ವಾದ್ಯ ನುಡಿಸುವುದು ಹೋಯಿತು, ಬರುಬರುತ್ತಾ ಪೆನ್ಸಿಲ್ ಹಿಡಿಯುವುದೂ ಕಷ್ಟವಾಯಿತು. 1968ರ ಅಕ್ಟೋಬರ್‌ನಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ಅಂತಾಲ್ ದೊರಾತಿ ಏಳನೇ ಸಿಂಫನಿಯನ್ನು ಮೊದಲ ಸಲ ನಡೆಸಿಕೊಟ್ಟಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದೆ 1970ರಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಒಂಬತ್ತು ತಿಂಗಳು ಆಸ್ಪತ್ರೆ. ಹತ್ತನೇ ಸಿಂಫನಿ ಶುರುವಾದದ್ದು ಆ ಹಾಸಿಗೆಯ ಮೇಲೆಯೇ. ವಾದ್ಯ ಮುಟ್ಟದೆ, ಕೈ ಸೋತು, ಇಡೀ ಆರ್ಕೆಸ್ಟ್ರಾವನ್ನು ಮನಸ್ಸಿನಲ್ಲೇ ಕೇಳಿ ಬರೆಯುವುದು ನೋವೊಂದರಿಂದ ಆಗುವ ಕೆಲಸವಲ್ಲ. ಅವರ ಹಾಗೆ ಸಂಧಿವಾತದಲ್ಲಿ ನರಳಿದವರು ಆ ಊರಲ್ಲೇ ಎಷ್ಟೋ ಜನ ಇದ್ದರು. ಕಾಯಿಲೆ ಅವರಿಂದ ಕಿತ್ತುಕೊಂಡದ್ದೇ ಹೆಚ್ಚು. ಇನ್ನೂ ಏನೇನು ಬರೆಯುತ್ತಿದ್ದರೋ ಅಂತ ನೆನೆದರೆ ನನಗೆ ಸಂಕಟವಾಗುತ್ತದೆ. 1980ರ ಜೂನ್‌ನಲ್ಲಿ ತೀರಿಕೊಂಡಾಗ ಅವರ ಹದಿನೇಳನೇ ಸಿಂಫನಿ ಆಗಷ್ಟೇ ಶುರುವಾಗಿತ್ತು.

ಹಾಗಾಗಿ ಮಗಳ ಪಾಠ ದಯವಿಟ್ಟು ನಿಲ್ಲಿಸಬೇಡಿ. ಅವಳು ಸಂಯೋಜಕಿ ಆಗುತ್ತಾಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಆದರೆ ಹೇಳಿಕೊಳ್ಳಬೇಕು ಅನ್ನಿಸಿದ ದಿನ ಹೇಳುವುದಕ್ಕೆ ದಾರಿ ಇರಬೇಕು. ಸುಮ್ನೆ ನೊಂದುಕೊಂಡರೆ ಆ ದಾರಿ ಸಿಗುವುದಿಲ್ಲ.

ನಿಮಗೆ ಮುಂದೇನು ಕೇಳಬೇಕು ಅಂತಲೂ ಹೇಳಿಬಿಡುತ್ತೇನೆ. ಮೊದಲು ಬರಿಗಾಲಿನ ಹಾಡುಗಳು. ಎಂಟು ಹಾಡುಗಳಿಗೆ ದೊರಾತಿಯವರೇ ಆರ್ಕೆಸ್ಟ್ರಾ ಕೂಡಿಸಿದ್ದಾರೆ, ಅದೂ ಚೆನ್ನಾಗಿದೆ. ಆಮೇಲೆ ವಯೊಲಿನ್ ವಾದಕಿ ಇಡಾ ಹೆಂಡೆಲ್ ಅವರಿಗಾಗಿ ಬರೆದ ಎರಡನೇ ವಯೊಲಿನ್ ಕಾನ್ಚೆರ್ಟೊ, ಅಂದರೆ ಒಂಟಿ ವಯೊಲಿನ್ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ. ಅದಕ್ಕೂ ಮೂವತ್ತು ವರ್ಷ ಹಿಂದೆ ಮಾಡಿದ ಆ ಹಾಡುಗಳಲ್ಲಿ ಒಂದನ್ನು ಪೆಟರ್ಸನ್ ಅಲ್ಲಿ ಮತ್ತೆ ಎತ್ತಿಕೊಂಡಿದ್ದಾರೆ. ಹಾಡು ಮೊದಲೇ ಕೇಳಿದ್ದರೆ ಅದು ಬಂದಾಗ ನಿಮಗೇ ಗೊತ್ತಾಗುತ್ತದೆ. ಒಂಬತ್ತನೇ ಸಿಂಫನಿಗೆ ಮಾತ್ರ ಈಗಲೇ ಕೈಹಾಕಬೇಡಿ. ನಡುವೆ ಎಲ್ಲೂ ನಿಲ್ಲದೆ ಸುಮಾರು 70 ನಿಮಿಷ ಹೋಗುತ್ತದೆ, ಅದಕ್ಕೆ ಬಿಡುವಾದ ಒಂದು ಭಾನುವಾರ ಬೇಕು.