ಪ್ರತಿ: ಕಬ್ಬಾಲಾ ಸಂಸಾರಿಗಳಿಗೆ ಆಗಿಬರುತ್ತದೆಯೇ?

ಯಹೂದಿಗಳ ಅನುಭಾವ ಮಾರ್ಗವಾದ ಕಬ್ಬಾಲಾ ಹಿಡಿಯಲು ಮನೆಮಠ ಬಿಡಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. 16ನೇ ಶತಮಾನದಲ್ಲಿ ಗಲಿಲಾಯದ (ಇಂದಿನ ಇಸ್ರೇಲ್) ಸಫೇದ್ ಊರಿನ ಕಬ್ಬಾಲಾ ಗುರು ಐಸಾಕ್ ಲೂರಿಯಾ ಹೇಳಿದ್ದಿಷ್ಟು: ಸೃಷ್ಟಿಯ ಹೊತ್ತಿನಲ್ಲಿ ದಿವ್ಯ ಬೆಳಕಿನ ಪಾತ್ರೆಗಳು ಒಡೆದವು, ಕಿಡಿಗಳು ಲೋಕದ ವಸ್ತುಗಳಲ್ಲಿ ಸಿಕ್ಕಿಕೊಂಡವು. 18ನೇ ಶತಮಾನದ ಹಸೀದರು (ಪೂರ್ವ ಯುರೋಪಿನ ಯಹೂದಿ ಭಕ್ತಿಪಂಥದವರು) ಇದನ್ನು ಅಡುಗೆಮನೆಗೇ ತಂದರು: ದೇವರಲ್ಲಿ ಮನಸ್ಸಿಟ್ಟು ಉಂಡರೆ ರೊಟ್ಟಿಯೊಳಗಿನ ಕಿಡಿಗೂ ಬಿಡುಗಡೆ. ಮೆಜ್ರಿಚ್ ಊರಿನ ಹಸೀದ್ ಗುರುವಿನ ಬಳಿ ತಾನು ಹೋದದ್ದು ಶಾಸ್ತ್ರ ಕೇಳಲಲ್ಲ, ಅವರು ಬೂಟಿನ ದಾರ ಕಟ್ಟುವುದನ್ನು ನೋಡಲು ಎಂದ ಶಿಷ್ಯನ ಕಥೆ ಪ್ರಸಿದ್ಧ.

ನನಗಿಷ್ಟ ಇನ್ನೂ ಹಳೆಯದು, ಯಹೂದಿಗಳ ಪ್ರಾಚೀನ ಧರ್ಮಗ್ರಂಥ ತಾಲ್ಮುದ್‌ನ ಕಾಲದ್ದು. ಶೌಚ ಮುಗಿಸಿ, ಕೈತೊಳೆದು ಹೇಳುವ 'ಅಶೇರ್ ಯತ್ಸಾರ್' ಪ್ರಾರ್ಥನೆ (ನಗಬೇಡಿ!): ದೇಹದ ರಂಧ್ರಗಳಲ್ಲಿ ಒಂದು ಮುಚ್ಚಿಕೊಂಡರೂ ಬದುಕುಳಿಯಲಾಗದು, ದೇವರೇ ನಿನಗೆ ಸ್ತುತಿ ಎಂದು. ಓದುವುದಾದರೆ ಇಲ್ಲಿಂದ ಶುರುಮಾಡಿ, ಕಬ್ಬಾಲಾದ ಮುಖ್ಯ ಗ್ರಂಥ ಜೋಹರ್ ಆಮೇಲಿರಲಿ.