ಇಬ್ಬರು ಶೆಂಕರ್‌ಗಳು, ಅರ್ಧ ಒತ್ತಿದ ಒಂದು ಪೆಡಲ್

ಓದುಗರ ಪತ್ರ: "ಕಳೆದ ಸಂಚಿಕೆಯ ಗಿಟಾರ್ ಲೇಖನದಲ್ಲಿ 'ಸ್ಕಾರ್ಪಿಯನ್ಸ್‌ನ ಮೈಕೆಲ್ ಶೆಂಕರ್' ಎಂದು ಬರೆದಿದ್ದೀರಿ. ಆ ಜರ್ಮನ್ ರಾಕ್ ಬ್ಯಾಂಡಿನಲ್ಲಿ ಇರುವುದು ರುಡಾಲ್ಫ್ ಶೆಂಕರ್. ಸಾಲದ್ದಕ್ಕೆ 'ರಾಕ್ ಯೂ ಲೈಕ್ ಎ ಹರಿಕೇನ್' ಸೋಲೋ ಮೈಕೆಲ್‌ನದು ಅಂತ ಬೇರೆ ಹಾಕಿದ್ದೀರಿ. ನಾನು 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಕೇಳಿದವನು, ನನಗೆ ಮೆಟಲ್ ಗೊತ್ತು. ಈ ಮೈಕೆಲ್ ಎರಡೆರಡು ದೊಡ್ಡ ಬ್ಯಾಂಡ್ ಬಿಟ್ಟು ಓಡಿಹೋದವನು, ಕುಡಿದು ಹಾಳಾದವನು. ಅಂಥವನಿಗೆ ಎರಡು ಪುಟ ಯಾಕೆ? ಕೊನೆಗೊಂದು ಮಾತು. ಪಿಯುಸಿ ಓದುವ ಮಗ ವಿ ಆಕಾರದ ಗಿಟಾರೇ ಬೇಕು ಅಂತ ಹಠ ಹಿಡಿದಿದ್ದಾನೆ. ಕೊಡಿಸಲಾ ಬೇಡವಾ?" (ಹಾಸನದಿಂದ ಓದುಗರೊಬ್ಬರು)

ಸಂಪಾದಕರ ಉತ್ತರ:

ಮೊದಲು ತಪ್ಪೊಪ್ಪಿಗೆ. 'ಹರಿಕೇನ್' ಸೋಲೋ, ಅಂದರೆ ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ, ಮೈಕೆಲ್‌ನದಲ್ಲ, ಅದೇ ಬ್ಯಾಂಡಿನ ಇನ್ನೊಬ್ಬ ಗಿಟಾರಿಸ್ಟ್ ಮಥಿಯಾಸ್ ಯಾಬ್ಸ್‌ದು. ಆ ಹಾಡು ಬಂದಿದ್ದು 1984ರಲ್ಲಿ, ಅಷ್ಟು ಹೊತ್ತಿಗೆ ಮೈಕೆಲ್ ಆ ಬ್ಯಾಂಡ್ ಬಿಟ್ಟು ಐದು ವರ್ಷ ಆಗಿತ್ತು. ಪ್ರೂಫ್ ನೋಡಿದ್ದು ನಾನೇ, ಹಾಗಾಗಿ ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ಆದರೆ ಮೊದಲನೇ ತಕರಾರು ಪೂರ್ತಿ ಒಪ್ಪಲ್ಲ. ಸ್ಕಾರ್ಪಿಯನ್ಸ್‌ನಲ್ಲಿ ಇಬ್ಬರು ಶೆಂಕರ್‌ಗಳೂ ಇದ್ದರು. ರುಡಾಲ್ಫ್ ಅಣ್ಣ, 1948ರಲ್ಲಿ ಹುಟ್ಟಿದವನು, 1965ರಲ್ಲಿ ಹ್ಯಾನೋವರ್‌ನಲ್ಲಿ ಬ್ಯಾಂಡ್ ಕಟ್ಟಿದವನು. ಮೈಕೆಲ್ ತಮ್ಮ, 1955ರ ಜನವರಿ 10ರಂದು ಅಲ್ಲೇ ಹತ್ತಿರದ ಸಾರ್‌ಸ್ಟೆಟ್ ಎಂಬ ಸಣ್ಣ ಊರಲ್ಲಿ ಹುಟ್ಟಿದವನು. ಅಣ್ಣನ ಗಿಟಾರ್ ಎತ್ತಿಕೊಂಡು ನುಡಿಸುತ್ತಾ ನುಡಿಸುತ್ತಾ ಅಣ್ಣನನ್ನೇ ಮೀರಿಸಿದ. ನಮ್ಮನೆಗಳಲ್ಲೂ ಆಗುತ್ತಲ್ಲ, ಸೈಕಲ್ ಕೊಡಿಸೋದು ದೊಡ್ಡವನಿಗೆ, ಕೈ ಬಿಟ್ಟು ಹೊಡೆಯೋದು ಚಿಕ್ಕವನು. ಬ್ಯಾಂಡಿನ ಮೊದಲ ಆಲ್ಬಮ್ 'ಲೋನ್ಸಮ್ ಕ್ರೋ' 1972ರಲ್ಲಿ ಹೊರಬಂತು. ರೆಕಾರ್ಡ್ ಮಾಡುವಾಗ ಮೈಕೆಲ್‌ಗೆ ಹದಿನಾರು. ಈಗಲೂ ಹಾಕಿ ಕೇಳಿ, ಹಾಡುಗಳು ಅಷ್ಟಕ್ಕಷ್ಟೇ, ಗಿಟಾರ್ ಮಾತ್ರ ಬೇರೆ ಎಲ್ಲಿಂದಲೋ ಬಂದ ಹಾಗಿದೆ.

ಇನ್ನು 'ಓಡಿಹೋದವನು' ಅನ್ನೋ ಮಾತು. ಹೌದು, ಓಡಿಹೋದ. ಒಂದಲ್ಲ, ಹಲವು ಸಲ. ಆದರೆ ಮೊದಲ ಸಲ ಹೋಗಿದ್ದು ಹೇಗೆ ನೋಡಿ. 1973ರಲ್ಲಿ ಯುಎಫ್‌ಒ ಎಂಬ ಇಂಗ್ಲೆಂಡಿನ ಬ್ಯಾಂಡ್ ಜರ್ಮನಿಗೆ ಬಂತು. ಅದೇ ವೇದಿಕೆಯಲ್ಲಿ ಮೊದಲು ಸ್ಕಾರ್ಪಿಯನ್ಸ್, ಆಮೇಲೆ ಯುಎಫ್‌ಒ. ಅವರ ಗಿಟಾರಿಸ್ಟ್ ಬಂದು ಸೇರಲೇ ಇಲ್ಲ. ಪಕ್ಕದ ಬ್ಯಾಂಡಿನ ಹುಡುಗನನ್ನು ಕೇಳಿದರು. ಅವನು ತನ್ನ ಬ್ಯಾಂಡಿಗೂ ನುಡಿಸಿದ, ಅವರಿಗೂ ನುಡಿಸಿದ. ಕೊನೆಗೆ 'ನಮ್ಮ ಜೊತೆ ಬಂದುಬಿಡು' ಅಂದರು. ಹದಿನೆಂಟರ ಹುಡುಗ, ಇಂಗ್ಲಿಷ್ ಹೆಚ್ಚುಕಮ್ಮಿ ಬರಲ್ಲ, ಲಂಡನ್ನಿಗೆ ಹೊರಟ. ಸ್ಕಾರ್ಪಿಯನ್ಸ್‌ಗೂ ಇದರಿಂದ ನಷ್ಟ ಆಗಲಿಲ್ಲ, ಅವನ ಜಾಗಕ್ಕೆ ಉಲಿ ಯಾನ್ ರೋಟ್ ಬಂದ. ಅವನ ಕಥೆಗೆ ಇನ್ನೊಂದು ಸಂಚಿಕೆ ಬೇಕು.

ಯುಎಫ್‌ಒದಲ್ಲಿ ಮಾತುಕತೆ ಹೇಗೆ ನಡೆಯುತ್ತಿತ್ತೋ! ಹಾಡುಗಾರ ಫಿಲ್ ಮಾಗ್, ಬಾಸ್ ನುಡಿಸುವ ಪೀಟ್ ವೇ, ಇಬ್ಬರೂ ಮಾತಿನ ಮಲ್ಲರು. ಈ ಹುಡುಗನಿಗೆ ಮಾತಿಲ್ಲ. 1974ರ 'ಫಿನಾಮಿನನ್' ಆಲ್ಬಮ್ಮಿನಲ್ಲಿ 'ಡಾಕ್ಟರ್ ಡಾಕ್ಟರ್', 'ರಾಕ್ ಬಾಟಮ್' ಎರಡೂ ಇವೆ. ಅವನಿಗಾಗ ಹತ್ತೊಂಬತ್ತು. ಅಲ್ಲಿಂದ 1978ರವರೆಗೆ ವರ್ಷಕ್ಕೊಂದು ಆಲ್ಬಮ್, ಮಧ್ಯೆ ಅಮೆರಿಕದ ಪ್ರವಾಸಗಳು, ಮಧ್ಯೆ ಕುಡಿತ, ಮಧ್ಯೆ ವೇದಿಕೆ ಭಯ. ಈ ಕೊನೆಯದನ್ನು ಜನ ಮರೆತುಬಿಡುತ್ತಾರೆ. ಸಾವಿರಾರು ಜನರ ಮುಂದೆ ನಿಲ್ಲೋಕೆ ಅವನಿಗೆ ಹೆದರಿಕೆ ಆಗುತ್ತಿತ್ತು, ಆ ಹೆದರಿಕೆಗೆ ಬಾಟಲಿ ಹಿಡಿದ. ಇದನ್ನು ಅವನೇ ಹೇಳಿಕೊಂಡಿದ್ದಾನೆ. 1977ರಲ್ಲಿ ನಡುವೆಯೇ ಕಾಣೆಯಾದ, ಇನ್ನೊಬ್ಬನನ್ನು ಕರೆಸಿ ಪ್ರವಾಸ ಮುಗಿಸಬೇಕಾಯಿತು. ಮತ್ತೆ ಬಂದ. 1978ರ ಕೊನೆಗೆ ಪೂರ್ತಿ ಬಿಟ್ಟ.

ಬಿಡುವ ಮುಂಚೆ ಅಮೆರಿಕದಲ್ಲಿ ರೆಕಾರ್ಡ್ ಮಾಡಿದ ಲೈವ್ ಆಲ್ಬಮ್ 'ಸ್ಟ್ರೇಂಜರ್ಸ್ ಇನ್ ದ ನೈಟ್' 1979ರಲ್ಲಿ ಹೊರಬಂದು ಇಂಗ್ಲೆಂಡಿನ ಪಟ್ಟಿಯಲ್ಲಿ 7ನೇ ಸ್ಥಾನಕ್ಕೆ ಹೋಯಿತು. ಜನ ಕೊಂಡು ಕೇಳುವ ಹೊತ್ತಿಗೆ ಅವನು ಆ ಬ್ಯಾಂಡಿನಲ್ಲೇ ಇಲ್ಲ! ನನಗೆ ಇದನ್ನು ಸ್ನೇಹಿತನೊಬ್ಬ 90 ನಿಮಿಷದ ಕ್ಯಾಸೆಟ್ಟಿಗೆ ಇಳಿಸಿಕೊಟ್ಟಿದ್ದ. ಒಂದು ಬದಿಗೆ 45 ನಿಮಿಷ. 'ರಾಕ್ ಬಾಟಮ್' ಹನ್ನೊಂದು ನಿಮಿಷದ ಹಾಡು, ಅದರ ಸೋಲೋ ನಡುವೆ ಟಕ್ ಅಂತ ಬದಿ ಮುಗಿದುಬಿಡುತ್ತಿತ್ತು. ಕ್ಯಾಸೆಟ್ ತಿರುಗಿಸಿ ಹಾಕಿದರೆ ಮುಂದಿನ ಹಾಡು. ಎಷ್ಟೋ ವರ್ಷ ಆ ಸೋಲೋ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ಆಮೇಲೆ ಸಿಡಿಯಲ್ಲಿ ಪೂರ್ತಿ ಕೇಳಿದಾಗ ಸುಮ್ನೆ ಕೂತುಬಿಟ್ಟೆ. ಕೈ ವೇಗವಾಗಿ ಓಡಿಸುವವರು ಜಾಸ್ತಿ ಇದ್ದಾರೆ. ಇವನು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಾನೆ, ಒಂದು ತಂತಿಯನ್ನು ಬೆರಳಲ್ಲಿ ಎಳೆದು ಅಲ್ಲೇ ಅಲುಗಿಸುತ್ತಾನೆ, ಆಮೇಲೆ ಮುಂದಿನ ಮಾತು.

ಆ ಧ್ವನಿ ಹೇಗೆ ಬಂತು ಅಂತ ನಮ್ಮ ಲೇಖನದಲ್ಲಿ ಸರಿಯಾಗಿ ಹೇಳಿರಲಿಲ್ಲ, ಈಗ ಹೇಳಿಬಿಡುತ್ತೇನೆ. ವಾ ಪೆಡಲ್ ಅಂತ ಒಂದು ಬರುತ್ತೆ, ಕಾಲಲ್ಲಿ ಒತ್ತುವುದು. ಹಿಮ್ಮಡಿ ಕಡೆಗೆ ವಾಲಿಸಿದರೆ ಧ್ವನಿ ಮಂದ, ಮುಂಗಾಲಿನ ಕಡೆಗೆ ಒತ್ತಿದರೆ ಚೂಪು. ಹೆಚ್ಚಿನವರು ಅದನ್ನು ಹಿಂದೆ ಮುಂದೆ ಆಡಿಸಿ 'ವಾ ವಾ' ಅನ್ನಿಸುತ್ತಾರೆ. ಮೈಕೆಲ್ ಅದನ್ನು ಅರ್ಧಕ್ಕೆ ಒತ್ತಿ ಹಾಗೇ ಬಿಟ್ಟ. ಆಡಿಸೋದಿಲ್ಲ, ಬರೀ ಒಂದು ಜಾಗದಲ್ಲಿ ನಿಲ್ಲಿಸೋದು. ಆಗ ಮಧ್ಯದ ಸ್ವರಗಳು ಮಾತ್ರ ಉಬ್ಬಿ ಮುಂದೆ ಬರುತ್ತವೆ, ಸ್ವಲ್ಪ ಮೂಗಿನಲ್ಲಿ ಹಾಡಿದ ಹಾಗೆ. ಹಿಂದೆ ಮಾರ್ಷಲ್ ಆಂಪ್ಲಿಫೈಯರ್, ಕೈಯಲ್ಲಿ ಗಿಬ್ಸನ್ ಫ್ಲೈಯಿಂಗ್ ವಿ. ಅಷ್ಟೇ. ಡ್ರಮ್ಮು, ಬಾಸು, ಇನ್ನೊಂದು ಗಿಟಾರು, ಕೀಬೋರ್ಡು ಎಲ್ಲದರ ಮಧ್ಯದಿಂದಲೂ ಅದು ಕಿವಿಗೆ ಬಂದು ಬೀಳುತ್ತೆ.

ಈಗ ನಿಮ್ಮ ಐರನ್ ಮೇಡನ್‌ಗೆ ಬರೋಣ. ಅರಮನೆ ಮೈದಾನದಲ್ಲಿ ಅವರು ವೇದಿಕೆಗೆ ಬರುವ ಮುಂಚೆ ಸ್ಪೀಕರಿನಲ್ಲಿ ಹಾಕಿದ ಹಾಡು ನೆನಪಿದೆಯಾ? ಕಚೇರಿ ಶುರುವಾಗುವ ಮುಂಚೆ 'ಡಾಕ್ಟರ್ ಡಾಕ್ಟರ್' ಹಾಕುವುದು ಮೇಡನ್‌ನವರ ಹಳೇ ರೂಢಿ. ಅವರ ಬಾಸ್ ವಾದಕ ಸ್ಟೀವ್ ಹ್ಯಾರಿಸ್ ಯುಎಫ್‌ಒ ಭಕ್ತ. ನೀವು ಶಿಳ್ಳೆ ಹೊಡೆದಿದ್ದು ಇದೇ 'ಓಡಿಹೋದವನ' ಗಿಟಾರಿಗೆ ಸ್ವಾಮೀ. ಮೆಟಾಲಿಕಾ ಬ್ಯಾಂಡಿನ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಕೂಡ ಇವನ ದಾರಿಯಲ್ಲೇ ಕಲಿತವನು, 2018ರಲ್ಲಿ ಇವನ ಆಲ್ಬಮ್ಮಿಗೆ ಬಂದು ಒಂದು ಹಾಡಿಗೆ ನುಡಿಸಿ ಹೋದ. ಎರಡು ಪುಟ ಯಾಕೆ ಅಂತ ಕೇಳಿದಿರಲ್ಲ, ಅದಕ್ಕೆ.

'ಬ್ಯಾಂಡಿನಲ್ಲೇ ಉಳಿದಿದ್ದರೆ ಎಲ್ಲೋ ಇರುತ್ತಿದ್ದ' ಅಂತ ಹಲವರು ವಾದಿಸುತ್ತಾರೆ, ಅದಕ್ಕೆ ನಾನೂ ಒಂದು ಕಾಲದಲ್ಲಿ ತಲೆ ಆಡಿಸುತ್ತಿದ್ದೆ. ಯುಎಫ್‌ಒ ಬಿಟ್ಟು ಅಣ್ಣನ ಹತ್ತಿರ ವಾಪಸ್ ಬಂದ, 1979ರ 'ಲವ್‌ಡ್ರೈವ್'ನಲ್ಲಿ ಕೆಲವು ಹಾಡಿಗೆ ನುಡಿಸಿದ. 'ಕೋಸ್ಟ್ ಟು ಕೋಸ್ಟ್' ಕೇಳಿ. ಪ್ರವಾಸದ ಮಧ್ಯೆ ಮತ್ತೆ ಹೋದ. ಯಾಬ್ಸ್‌ನನ್ನು ಮತ್ತೆ ಕರೆಸಿದರು, ಅವನು ಇವತ್ತಿಗೂ ಅಲ್ಲೇ ಇದ್ದಾನೆ. ಸ್ಕಾರ್ಪಿಯನ್ಸ್ ಆಮೇಲೆ ಸ್ಟೇಡಿಯಂ ತುಂಬಿಸಿದರು, ದುಡ್ಡು ಮಾಡಿದರು. ಮೈಕೆಲ್ ಅಲ್ಲೇ ಇದ್ದಿದ್ದರೆ ಪ್ರತಿ ರಾತ್ರಿ ಅದೇ ಹತ್ತು ಹಾಡು ನುಡಿಸಬೇಕಿತ್ತು. ಅದು ಅವನ ಕೈಲಿ ಆಗುವ ಕೆಲಸವೇ ಅಲ್ಲ. ಹದಿಹರೆಯ ದಾಟುವ ಹೊತ್ತಿಗೇ ಬೇರೆಯವರ ಸಂಗೀತ ಕೇಳೋದನ್ನೂ ನಿಲ್ಲಿಸಿದೆ, ತನ್ನೊಳಗಿಂದ ಬಂದದ್ದು ಮಾತ್ರ ಸಾಕು ಅಂತ ಸಂದರ್ಶನಗಳಲ್ಲಿ ಹೇಳುತ್ತಲೇ ಬಂದಿದ್ದಾನೆ. ಸ್ವಲ್ಪ ಅತಿ ಅನ್ನಿಸುತ್ತೆ, ಒಪ್ಪುತ್ತೇನೆ. ಆದರೆ ಹೆಚ್ಚಿನವರು ಆಡಿಸುವ ಪೆಡಲನ್ನು ಒಂದೇ ಜಾಗದಲ್ಲಿ ನಿಲ್ಲಿಸಿದವನೂ ಪ್ರವಾಸದ ಮಧ್ಯೆ ಎದ್ದುಹೋದವನೂ ಒಬ್ಬನೇ ಅಲ್ವಾ? ಒಂದು ಬೇಕು, ಇನ್ನೊಂದು ಬೇಡ ಅಂದರೆ ಹೇಗೆ.

ಆಮೇಲೆ 1980ರಲ್ಲಿ ತನ್ನದೇ ಹೆಸರಿನ ಬ್ಯಾಂಡ್, ಎಂಎಸ್‌ಜಿ, ಅಂದರೆ ಮೈಕೆಲ್ ಶೆಂಕರ್ ಗ್ರೂಪ್. ಮೊದಲ ಆಲ್ಬಮ್ಮಿಗೆ ನಿರ್ಮಾಪಕ ಡೀಪ್ ಪರ್ಪಲ್ ಬ್ಯಾಂಡಿನ ರೋಜರ್ ಗ್ಲೋವರ್. 1982ರ 'ಅಸಾಲ್ಟ್ ಅಟ್ಯಾಕ್'ಗೆ ಮಾರ್ಟಿನ್ ಬರ್ಚ್, ಅದೇ ವರ್ಷ ನಿಮ್ಮ ಮೇಡನ್‌ನ 'ನಂಬರ್ ಆಫ್ ದ ಬೀಸ್ಟ್' ಮಾಡಿದವನು. ಅದರಲ್ಲಿ ಹಾಡಿದ ಗ್ರಹಾಂ ಬಾನೆಟ್ ಒಂದೇ ಒಂದು ಕಚೇರಿ ಮಾಡಿ ಹೊರಬಿದ್ದ. ಶೆಫೀಲ್ಡಿನ ವೇದಿಕೆಯಲ್ಲಿ ಪ್ಯಾಂಟಿನ ಜಿಪ್ ವಿಚಾರದಲ್ಲಿ ಏನೋ ರಾದ್ಧಾಂತ ಆಯಿತು, ಮನೆಗೆ ಬರುವ ಪತ್ರಿಕೆ, ಪೂರ್ತಿ ಬರೆಯಲ್ಲ. ಅಂತೂ ಓಡಿಹೋಗುವ ಗಿಟಾರಿಸ್ಟ್‌ನ ಬ್ಯಾಂಡಿಂದ ಹಾಡುಗಾರರೇ ಓಡಿಹೋಗುವ ಕಾಲ ಬಂತು. ಅದೇ ವರ್ಷ ರ‍್ಯಾಂಡಿ ರೋಡ್ಸ್ ಎಂಬ ಗಿಟಾರಿಸ್ಟ್ ತೀರಿಕೊಂಡಾಗ, ಅವನ ಬ್ಯಾಂಡಿನ ಹಾಡುಗಾರ ಓಜಿ ಆಸ್ಬರ್ನ್ ಫೋನ್ ಮಾಡಿ ಕರೆದಿದ್ದ ಅಂತ ಮೈಕೆಲ್ ಹೇಳಿದ್ದಾನೆ. ಹೋಗಲಿಲ್ಲ. ಮತ್ತೆ 1993ರಿಂದ 2003ರ ಮಧ್ಯೆ ಯುಎಫ್‌ಒಗೆ ಬರೋದು, ಬಿಡೋದು. ಆ ಹತ್ತು ವರ್ಷವನ್ನು ಇಲ್ಲಿ ದಾಟಿಸಿಬಿಡುತ್ತೇನೆ, ಓದಲು ಬೇಸರದ ಕಥೆ.

ಆದರೆ 'ಹಾಳಾದವನು' ಅನ್ನಬೇಡಿ. ಹಳೇ ಹಾಡುಗಾರರಲ್ಲಿ ಕೆಲವರನ್ನು, ಆ ಬಾನೆಟ್‌ನನ್ನೂ ಸೇರಿಸಿ, 2016ರ ಹೊತ್ತಿಗೆ ಒಂದೇ ವೇದಿಕೆಗೆ ಕರೆತಂದ. 2024ರಲ್ಲಿ ತನ್ನ ಯುಎಫ್‌ಒ ಹಾಡುಗಳನ್ನೇ ಮತ್ತೆ ರೆಕಾರ್ಡ್ ಮಾಡಿದ, ಗನ್ಸ್ ಎನ್ ರೋಸಸ್ ಬ್ಯಾಂಡಿನ ಆಕ್ಸಲ್ ರೋಸ್, ಸ್ಲ್ಯಾಶ್ ಬಂದು ಸೇರಿಕೊಂಡರು. ಅವನಿಗಾಗ ಅರವತ್ತೊಂಬತ್ತು. ಅಣ್ಣನ ಮೇಲಿನ ಸಿಟ್ಟು ಮಾತ್ರ ಸಂದರ್ಶನಗಳಲ್ಲಿ ಆಗಾಗ ಹೊರಬರುತ್ತೆ. ಅಣ್ಣತಮ್ಮಂದಿರ ಜಗಳದಲ್ಲಿ ನಾವು ತೀರ್ಪು ಕೊಡೋದು ಬೇಡ.

ಇನ್ನು ನಿಮ್ಮ ಮಗನ ವಿಷಯ, ನನಗೆ ಇದೇ ಮುಖ್ಯ. ಫ್ಲೈಯಿಂಗ್ ವಿ ಮೊದಲು ಬಂದಿದ್ದು 1958ರಲ್ಲಿ, ಆಗ ಕೊಳ್ಳುವವರೇ ಇರಲಿಲ್ಲ. ಕಾರಣ ಒಂದು ಕುರ್ಚಿ ಮೇಲೆ ಕೂತರೆ ಗೊತ್ತಾಗುತ್ತೆ. ಬೇರೆ ಗಿಟಾರಿಗೆ ತೊಡೆ ಮೇಲೆ ಕೂರೋಕೆ ಸೊಂಟದ ತಗ್ಗು ಇರುತ್ತೆ, ಇದಕ್ಕಿಲ್ಲ, ಜಾರುತ್ತೆ. ವಿಯ ಸಂದಿಯನ್ನು ಬಲತೊಡೆಗೆ ಸಿಕ್ಕಿಸಿಕೊಂಡು ನುಡಿಸಬೇಕು. ಮೈಕೆಲ್ ನಿಂತಾಗಲೂ ಅದರ ಒಂದು ರೆಕ್ಕೆಯನ್ನು ಕಾಲುಗಳ ನಡುವೆ ಹಿಡಿದು ನುಡಿಸುತ್ತಾನೆ, ವಿಡಿಯೋದಲ್ಲಿ ನೋಡಿ. ಮಗನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಕೈಯಿಲ್ಲದ ಕುರ್ಚಿ ಮೇಲೆ ಇಪ್ಪತ್ತು ನಿಮಿಷ ವಿ ಹಿಡಿದು ಕೂರಿಸಿ. ಬೆವರಿದರೂ ಬಿಡಲ್ಲ ಅಂದರೆ ಕೊಡಿಸಿ. ಬ್ಯಾಗ್ ಮಾತ್ರ ವಿ ಅಳತೆಯದ್ದೇ ತಗೊಳ್ಳಿ, ಮಾಮೂಲಿ ಗಿಟಾರ್ ಬ್ಯಾಗಿಗೆ ಅದು ಹೋಗಲ್ಲ.