ಪ್ರೀತಿ ಇರಲಿ, ಆದರೆ ಕಥೆಯೂ ಬೇಕು ಅನ್ನುವವರು ಯಾವ ಫ್ಯಾಂಟಸಿ ಕಾದಂಬರಿ ಓದಬೇಕು?

ಪ್ರೀತಿ ಇದ್ದರೆ ಬೇಡ ಅನ್ನಲ್ಲ, ಆದರೆ ಪುಟಗಟ್ಟಲೆ ಬರೀ ಕಣ್ಣು, ತುಟಿ, ನಿಟ್ಟುಸಿರು ಓದೋಕಾಗಲ್ಲ, ಕಥೆಯೂ ಆ ಲೋಕವೂ ಗಟ್ಟಿ ಇರಬೇಕು ಅಂತ ಕೇಳಿದ್ದೀರಿ. ನಂದೂ ಇದೇ ಗೋಳು. ರೀಲ್ಸ್‌ನಲ್ಲಿ ಮೆರೆಸುವ ಪುಸ್ತಕಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಮೊದಲು ತಾಶಾ ಸೂರಿಯ ‘ಎಂಪೈರ್ ಆಫ್ ಸ್ಯಾಂಡ್’ (2018) ಹಿಡಿಯಿರಿ. ಮೊಘಲರ ಕಾಲದ ನೆರಳಿರುವ ಒಂದು ಸಾಮ್ರಾಜ್ಯ. ಮಲಗಿರುವ ದೇವತೆಗಳ ಕನಸನ್ನು ಕುಣಿತದಿಂದ, ಕೈಮುದ್ರೆಗಳಿಂದ ತಮಗೆ ಬೇಕಾದಂತೆ ತಿರುಗಿಸಿಕೊಂಡೇ ಅದು ಬಾಳುತ್ತಿದೆ. ನಾಯಕಿ ಮೆಹರ್ ಗವರ್ನರ್ ಮಗಳು, ತಾಯಿ ಮಾತ್ರ ಮರುಭೂಮಿಯ ಅಮ್ರಿತಿ ಜನದವಳು. ಆ ಜನ ಆಣೆ ಮಾಡಿದರೆ ಮುಗೀತು, ಮೀರೋಕೆ ಮೈಯೇ ಬಿಡಲ್ಲ, ಅದಕ್ಕೇ ಅವರು ಮದುವೆಯ ಗೋಜಿಗೂ ಹೋಗುವುದಿಲ್ಲ. ಅಂಥವಳಿಗೆ ಬಲವಂತದ ಮದುವೆ. ಗಂಡ ಅಮುನ್ ಆಗಲೇ ಒಬ್ಬನಿಗೆ ಕೊಟ್ಟ ಆಣೆಯಲ್ಲಿ ಸಿಕ್ಕಿಬಿದ್ದವನು, ಇವರಿಬ್ಬರೂ ಕೂಡಿದರೆ ಅವಳೂ ಸಿಕ್ಕಿಬೀಳುತ್ತಾಳೆ. ಹಾಗಾಗಿ ಅವನು ದೂರವೇ ಉಳಿಯುತ್ತಾನೆ, ಮೇಲಿನವರ ಕಣ್ಣು ತಪ್ಪಿಸಿ. ನೋಡಿ, ಪ್ರೀತಿ ತೆಗೆದರೆ ಇಲ್ಲಿ ಕಥೆಯೇ ಇಲ್ಲ, ಆ ಲೋಕದ ನಿಯಮ ತೆಗೆದರೆ ಪ್ರೀತಿಯೂ ಇಲ್ಲ. ನಾನು ಹುಡುಕೋದು ಇದನ್ನೇ. ಶುರುವಿನಲ್ಲಿ ಸ್ವಲ್ಪ ನಿಧಾನ, ಮದುವೆ ಆಗುವವರೆಗೆ ತಡ್ಕೊಳ್ಳಿ.

ಆಮೇಲೆ ಲೋಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ ಬರೆದ ‘ಪ್ಯಾಲಡಿನ್ ಆಫ್ ಸೋಲ್ಸ್’ (2003). ಹ್ಯೂಗೋ, ನೆಬ್ಯುಲಾ ಪ್ರಶಸ್ತಿ ಎರಡೂ ಬಂದಿವೆ. ನಾಯಕಿ ಹದಿಹರೆಯದವಳಲ್ಲ, ನಲವತ್ತರ ವಿಧವೆ ರಾಣಿ, ಹುಚ್ಚಿ ಅಂತ ಎಲ್ಲರೂ ಕೈಬಿಟ್ಟವಳು. ಅರಮನೆ ಸಾಕಾಗಿ ಯಾತ್ರೆಯ ನೆಪ ಹೇಳಿ ಹೊರಡುತ್ತಾಳೆ, ದೇವರು ಅವಳ ಬೆನ್ನು ಬಿಡಲ್ಲ. ಪ್ರೀತಿ ಒಂದು ಚಮಚದಷ್ಟು ಬರುತ್ತದೆ, ಸಾಕು. ಇದಕ್ಕೂ ಮುಂಚೆ ಇದೇ ಸೀರೀಸ್‌ನ ಮೊದಲ ಪುಸ್ತಕ ‘ದ ಕರ್ಸ್ ಆಫ್ ಚಾಲಿಯನ್’ ಓದಿದರೆ ಚಲೋ, ಇಲ್ಲದಿದ್ದರೆ ಅದರ ಗುಟ್ಟೆಲ್ಲ ಇದರಲ್ಲೇ ಬಯಲಾಗುತ್ತದೆ.

ಸೀರೀಸ್ ಬೇಡ, ಒಂದೇ ಪುಸ್ತಕದಲ್ಲಿ ಮುಗೀಬೇಕು ಅಂದರೆ ನವೋಮಿ ನೋವಿಕ್‌ರ ‘ಅಪ್‌ರೂಟೆಡ್’ (2015). ಅದರಲ್ಲಿ ಖಳ ಅಂದರೆ ಒಂದು ಕಾಡು. ನಾಯಕನಾದ ಮಾಂತ್ರಿಕನ ಸಿಡುಕು ನನಗೆ ಅಷ್ಟು ಹಿಡಿಸಲಿಲ್ಲ, ಆದರೆ ಕಾಡಿಗಾಗಿ ಓದಬೇಕು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಓದುತ್ತಾ ಕೂತು ಇಳಿಯೋ ಸ್ಟಾಪ್ ದಾಟಿಸಿಕೊಳ್ಳೋ ಪುಸ್ತಕ ಅದು.

ಕನ್ನಡದಲ್ಲೇ ಬೇಕಾ? ನಾಗವರ್ಮನ ‘ಕರ್ಣಾಟಕ ಕಾದಂಬರಿ’ ಇದೆಯಲ್ಲ! ಬಾಣನ ಸಂಸ್ಕೃತ ಕಥೆಯನ್ನು ಹಳಗನ್ನಡಕ್ಕೆ ತಂದದ್ದು, ಹೇಳೋದು ಒಂದು ಗಿಳಿ, ಕಥೆಯೊಳಗೆ ಕಥೆ, ಶಾಪ, ಸತ್ತು ಮತ್ತೆ ಹುಟ್ಟಿ ಬರುವ ಪ್ರೇಮಿಗಳು. ಹಳಗನ್ನಡಕ್ಕೆ ಹೆದರಲ್ಲ ಅಂದರೆ ಇದರಿಂದಲೇ ಶುರು ಮಾಡಿ.